ಅಂಟು ತೊಳೆದ ಕಲ್ಲುಗಳು

ಅಂಟು ಅನ್ನೋ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ ಇದೆ. ಎರಡು ವಸ್ತುಗಳನ್ನು ಕೂಡಿಸಿ ಹಿಡಿಯುವ ಗೋಂದು ಒಂದು. ಇನ್ನೊಂದು ಮೈಲಿಗೆ. ಅಂಟುಮುಟ್ಟು ಅಂತಾರಲ್ಲ, ಅದು. ಕೂಡಿಸುವ ವಸ್ತುವಿನ ಹೆಸರೇ ದೂರ ಇಡುವ ಆಚಾರಕ್ಕೂ ಹೆಸರಾಗಿ ನಿಂತಿರುವುದು ನಮ್ಮ ಸಮಾಜದ ಗುಣಕ್ಕೆ ತಕ್ಕ ಹಾಗೇ ಇದೆ. ಈ ಲೇಖನ ಗೋಂದಿನ ಬಗ್ಗೆ. ಅದೂ ಸಾವಿರಾರು ವರ್ಷಗಳ ಹಿಂದೆ ಮನುಷ್ಯರು ಕಲ್ಲಿನ ಆಯುಧಗಳಿಗೆ ಹಚ್ಚಿದ ಗೋಂದಿನ ಬಗ್ಗೆ. ಆದರೆ ಅದರ ಚರಿತ್ರೆ ಹೇಳಲು ಹೊರಟರೆ ಮೈಲಿಗೆಯ ಮಾತೂ ಜೊತೆಗೇ ಬರುತ್ತದೆ. ಯಾಕೆ ಅನ್ನೋದನ್ನು ಮುಂದೆ ನೋಡೋಣ.

ಮೊದಲು ಕಲ್ಲಿನ ವಿಷಯ. ಬೆಂಗಳೂರಿನ ಸುತ್ತಲಿನ ನೆಲದಲ್ಲಿ ಬೆಣಚುಕಲ್ಲಿಗೆ ಬರವಿಲ್ಲ. ಹೊಲ ಉಳುವವರ ನೇಗಿಲಿಗೆ ಸಿಗುತ್ತದೆ, ಪಾಯ ತೋಡುವವರ ಹಾರೆಗೆ ತಗಲುತ್ತದೆ. 1948ರಲ್ಲಿ ಕೆ.ಆರ್.ಯು. ಟಾಡ್ ಎಂಬುವವನು ಲಂಡನ್ನಿನ ‘ಮ್ಯಾನ್’ ಪತ್ರಿಕೆಯಲ್ಲಿ ಪೂರ್ವ ಮೈಸೂರಿನ ಸಣ್ಣ ಕಲ್ಲಾಯುಧಗಳ ಬಗ್ಗೆ ಬರೆದ. ನಮ್ಮ ಜಾಲಹಳ್ಳಿಯ ಹೆಸರು ಶಿಲಾಯುಗದ ಪುಸ್ತಕಗಳಿಗೆ ಸೇರಿದ್ದು ಹಾಗೆ. 1956ರಲ್ಲಿ ಎಂ. ಶೇಷಾದ್ರಿಯವರು ಇಡೀ ಮೈಸೂರು ಸೀಮೆಯ ಶಿಲಾಯುಗದ ಮೇಲೆ ಪುಸ್ತಕವನ್ನೇ ತಂದರು. ಪಂಡಿತರು ಈ ಸಣ್ಣ ಆಯುಧಗಳಿಗೆ ಸೂಕ್ಷ್ಮ ಶಿಲಾಯುಧ ಅನ್ನುತ್ತಾರೆ. ಎಷ್ಟು ಸಣ್ಣದು ಅಂದರೆ ಕೆಲವು ಹೆಬ್ಬೆರಳಿನ ಉಗುರಿನಷ್ಟೇ ಇರುತ್ತವೆ. ಒಂದು ಅಂಚು ಬ್ಲೇಡಿನಷ್ಟು ಹರಿತ. ಇನ್ನೊಂದು ಅಂಚನ್ನು ಬೇಕೆಂದೇ ಮೊಂಡು ಮಾಡಿರುತ್ತಾರೆ.

ಯಾಕೆ ಮೊಂಡು ಮಾಡಿದರು? ಇದಕ್ಕೆ ಉತ್ತರ ಹೇಳಲು ಪ್ರೊಫೆಸರು ಬೇಕಿಲ್ಲ, ರಾಗಿ ಕುಯ್ದವರು ಸಾಕು. ಕುಡುಗೋಲಿನ ಅಲಗನ್ನು ಬರಿಗೈಯಲ್ಲಿ ಹಿಡಿದು ಕುಯ್ಯೋಕಾಗುತ್ತಾ? ಹಿಡಿ ಬೇಕು. ಹಿಡಿಯೊಳಗೆ ಅಲಗು ಅಲ್ಲಾಡದೆ ಕೂರಬೇಕು. ಉಗುರಿನಷ್ಟು ಕಲ್ಲು ಒಂಟಿಯಾಗಿ ಯಾವ ಕೆಲಸಕ್ಕೂ ಬಾರದು. ನಾಲ್ಕಾರು ಚೂರುಗಳನ್ನು ಸಾಲಾಗಿ ಮರದ ಅಥವಾ ಮೂಳೆಯ ಕೊರಕಲಿನಲ್ಲಿ ಕೂರಿಸಿದಾಗ ಅದು ಕುಡುಗೋಲು. ಬಿದಿರ ಕಡ್ಡಿಯ ತುದಿಗೆ ಕೂರಿಸಿದರೆ ಬಾಣ. ಮೊಂಡು ಅಂಚು ಗೋಂದಿನೊಳಗೆ ಮುಳುಗುವ ಕಡೆ, ಹರಿತವಾದ ಅಂಚು ಕೆಲಸ ಮಾಡುವ ಕಡೆ. ಈಗ ಪಾಕಿಸ್ತಾನದಲ್ಲಿರುವ ಮೆಹರ್‌ಗಢದಲ್ಲಿ, ಉಪಖಂಡದ ಮೊದಮೊದಲ ಒಕ್ಕಲಿಗರ ಊರಿನಲ್ಲಿ, ಕಲ್ಲಿನ ಚೂರುಗಳನ್ನು ನೆಲದಿಂದ ಒಸರುವ ಡಾಂಬರಿನಲ್ಲಿ ಕೂರಿಸಿದ ಕುಡುಗೋಲುಗಳೇ ಸಿಕ್ಕಿವೆ.

ಹಾಗಾದರೆ ಒಂದು ಆಯುಧದಲ್ಲಿ ಮೂರು ಕೆಲಸ ಇದೆ. ಕಲ್ಲು ಒಡೆಯುವ ಕೆಲಸ, ಹಿಡಿ ಕೆತ್ತುವ ಕೆಲಸ, ಅಂಟು ಕಾಯಿಸಿ ಕೂಡಿಸುವ ಕೆಲಸ. ಹಿಡಿಯನ್ನು ಗೆದ್ದಲು ತಿಂದಿತು. ಅಂಟು ಮಳೆ ಬಿಸಿಲಿಗೆ ಕರಗಿ, ಒಂದಿಷ್ಟು ಕಪ್ಪು ಕಲೆಯಾಗಿ ಕಲ್ಲಿಗೆ ಹತ್ತಿಕೊಂಡಿತು. ಕಲ್ಲು ಮಾತ್ರ ಗಟ್ಟಿಯಾಗಿ ಉಳಿಯಿತು. ಚರಿತ್ರೆ ಬರೆದವರು ಉಳಿದದ್ದನ್ನೇ ಇಡೀ ಯುಗದ ಹೆಸರು ಮಾಡಿ ಶಿಲಾಯುಗ ಅಂದರು. ಅರಮನೆಯ ಕಲ್ಲು ಉಳಿದು ಕಟ್ಟಿದವರ ಗುಡಿಸಲು ಅಳಿದದ್ದಕ್ಕೆ ರಾಜರ ಯುಗ ಅಂದ ಹಾಗೆ.

ಗೆದ್ದಲು ತಿಂದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಗೆದ್ದಲಿನಿಂದಲೂ ಮಳೆಯಿಂದಲೂ ತಪ್ಪಿಸಿಕೊಂಡು ಬಂದ ಆ ಕಪ್ಪು ಕಲೆಯ ಗತಿ ಏನಾಯಿತು? ಕಲ್ಲನ್ನು ನೆಲದಿಂದ ತೆಗೆದ ಕೂಡಲೇ ಬಕೆಟ್ ನೀರಿಗೆ ಹಾಕಿ ಬ್ರಷ್ ಹಿಡಿದು ಉಜ್ಜುವುದು ಪ್ರಪಂಚದ ಎಲ್ಲ ಕಡೆಯೂ ಬಹಳ ಕಾಲ ನಡೆದ ಪದ್ಧತಿ. ಕಲ್ಲು ಬೆಳ್ಳಗೆ ಹೊಳೆಯಬೇಕು, ಅದರ ಚಿತ್ರ ಬರೆಯಲು ಅಂಚುಗಳು ಕಾಣಬೇಕು. ಆಮೇಲೆ ಅದರ ಮೇಲೆ ಒಂದು ಪಟ್ಟಿ ವಾರ್ನಿಷ್ ಬಳಿದು ಮಸಿಯಲ್ಲಿ ನಂಬರು ಬರೆಯುತ್ತಿದ್ದರು. ಅಂದರೆ ಹಳೆಯ ಅಂಟನ್ನು ಕೊಳೆ ಅಂತ ತೊಳೆದರು, ತಮ್ಮ ಅಂಟನ್ನು ಬಳಿದರು. ಮೈಲಿಗೆಯ ಮಾತು ಬರುತ್ತದೆ ಅಂದದ್ದು ಇದಕ್ಕೇ. ಕೆಲಸ ಮಾಡಿದ ಕೈಯ ಗುರುತನ್ನು ಕೊಳೆ ಎಂದು ಕರೆಯುವುದು, ವಸ್ತುವನ್ನು ಮಡಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸುವುದು, ಇದು ನಮಗೆ ಪರಿಚಯವಿಲ್ಲದ ವ್ಯವಹಾರವೇನಲ್ಲ.

ಈ ಕಲ್ಲುಗಳನ್ನು ಮೊದಲು ಮುಟ್ಟಿದವರು ಯಾರು ಅಂತಲೂ ಕೇಳಬೇಕು. ಭಾರತದ ಮೊದಲ ಹಳೆ ಶಿಲಾಯುಗದ ಆಯುಧವನ್ನು 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಕಂಡುಹಿಡಿದ ಅಂತ ಓದುತ್ತೇವೆ. ಅವನು ದೊಡ್ಡ ಕೆಲಸಗಾರ, ಅನುಮಾನವಿಲ್ಲ. ಬಳ್ಳಾರಿ ಸೀಮೆಯ ಎಷ್ಟೋ ನೆಲೆಗಳನ್ನು ತೋರಿಸಿಕೊಟ್ಟವನೂ ಅವನೇ. ಆದರೆ ಆ ಮೊದಲ ಕಲ್ಲು ಸಿಕ್ಕ ಜಾಗ ಯಾವುದು? ಮದರಾಸಿನ ಹತ್ತಿರದ ಪಲ್ಲಾವರಂ ದಂಡಿನಲ್ಲಿ, ಕವಾಯತು ಮೈದಾನದ ಪಕ್ಕ, ಜಲ್ಲಿಗಾಗಿ ತೋಡಿದ ಗುಂಡಿ. ಗುಂಡಿ ತೋಡಿದವರ ಹೆಸರು ಚರಿತ್ರೆಯಲ್ಲಿಲ್ಲ.

ಬೆಂಗಳೂರಿನ ದಂಡೂ ಹಾಗೇ ಎದ್ದದ್ದು. 1809ರಲ್ಲಿ ಹಲಸೂರಿನ ಕಡೆ ಬ್ರಿಟಿಷರ ದಂಡು ಬಂದು ಕೂತಿತು. ಬ್ಯಾರಕ್ಕು, ಕವಾಯತು ಮೈದಾನ, ರಸ್ತೆ, ಚರ್ಚು ಎಲ್ಲಕ್ಕೂ ನೆಲ ಅಗೆದವರು, ಕಲ್ಲು ಒಡೆದವರು, ಕುದುರೆಯ ಜೀನು ಹೊಲಿದವರು, ಬೂಟು ಹೊಲಿದವರು ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಬಡವರು. ಅದೇ ದಂಡಿನಲ್ಲಿ 1865ರಲ್ಲಿ, ಎಡ್ವರ್ಡ್ ಬಾಲ್ಫೋರ್ ಎಂಬ ಸೈನ್ಯದ ವೈದ್ಯನ ಮುಂದಾಳ್ತನದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಹುಟ್ಟಿತು. ಅದು ಮೊದಲಿದ್ದ ಬೀದಿಗೆ ಇವತ್ತಿಗೂ ಮ್ಯೂಸಿಯಂ ರೋಡ್ ಎಂದೇ ಹೆಸರು. ನೆಲ ಅಗೆಯುವವರೂ ಅಗೆದು ಸಿಕ್ಕಿದ್ದನ್ನು ಕಾಪಾಡುವ ಮನೆಯೂ ಒಂದೇ ದಂಡಿನಲ್ಲಿದ್ದರು. ಒಬ್ಬರ ಕೈಯ ತಿಳಿವಳಿಕೆ ಇನ್ನೊಬ್ಬರ ದಫ್ತರಕ್ಕೆ ದಾಟಲಿಲ್ಲ.

ಈಗ ರಸಾಯನಶಾಸ್ತ್ರದ ಮಾತಿಗೆ ಬರೋಣ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಆ ಕಪ್ಪು ಕಲೆಯನ್ನು ಓದುವ ವಿದ್ಯೆ ಬೆಳೆದಿದೆ. ಮೇಷ್ಟರುಗಳು ಮಕ್ಕಳಿಗೆ ಹೇಳಬಹುದಾದ ರೀತಿಯಲ್ಲಿ ಹೇಳುತ್ತೇನೆ. ಸಾಸಿವೆ ಕಾಳಿಗಿಂತ ಸಣ್ಣ ಚೂರನ್ನು ಕಲ್ಲಿನಿಂದ ಕೆರೆದು ದ್ರಾವಕದಲ್ಲಿ ಕರಗಿಸುತ್ತಾರೆ. ಅದನ್ನು ಕಾಯಿಸಿ ಆವಿ ಮಾಡಿ ಕೂದಲಿನಷ್ಟು ಸಪೂರದ, ಹತ್ತಾರು ಮೀಟರ್ ಉದ್ದದ ಕೊಳವೆಯೊಳಗೆ ಓಡಿಸುತ್ತಾರೆ. ಬೇರೆ ಬೇರೆ ವಸ್ತುಗಳು ಬೇರೆ ಬೇರೆ ಹೊತ್ತಿಗೆ ಆಚೆ ಬರುತ್ತವೆ, ಸಂತೆಯಿಂದ ಹೊರಟವರು ಅವರವರ ನಡಿಗೆಗೆ ತಕ್ಕಂತೆ ಊರು ಸೇರುವ ಹಾಗೆ. ಬಂದ ಒಂದೊಂದನ್ನೂ ಒಡೆದು ಚೂರುಗಳ ತೂಕ ನೋಡುತ್ತಾರೆ. ಆ ತೂಕಗಳ ಪಟ್ಟಿಯೇ ಆ ವಸ್ತುವಿನ ಹೆಬ್ಬೆಟ್ಟು. ಇದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿ, ಮಾಸ್ ಸ್ಪೆಕ್ಟ್ರೊಮೆಟ್ರಿ ಅಂತ ಹೆಸರು. ಅತಿಗೆಂಪು ಬೆಳಕು ಹಾಯಿಸಿ ನೋಡುವ ವಿಧಾನವೂ ಇದೆ. ಬೆಟುಲಿನ್ ಸಿಕ್ಕರೆ ಬರ್ಚ್ ಮರದ ತೊಗಟೆ. ಅಬಿಯೆಟಿಕ್ ಆಮ್ಲದ ಸಂತತಿ ಸಿಕ್ಕರೆ ಪೈನ್ ಮರದ ರಾಳ. ಉದ್ದುದ್ದ ಮೇಣದ ಎಸ್ಟರುಗಳು ಸಿಕ್ಕರೆ ಜೇನುಮೇಣ. ಹೋಪೇನ್ ಸಿಕ್ಕರೆ ಡಾಂಬರು. ಅಲ್ಯೂರಿಟಿಕ್ ಆಮ್ಲ, ಜಲಾರಿಕ್ ಆಮ್ಲ ಸಿಕ್ಕರೆ ಅರಗು. ಕೊಲಾಜೆನ್ ಸಿಕ್ಕರೆ ತೊಗಲು ಮೂಳೆ ಬೇಯಿಸಿ ಇಳಿಸಿದ ಅಂಟು.

ಹೀಗೆ ಓದಿದಾಗ ಏನು ಸಿಕ್ಕಿತು? ಇಟಲಿಯ ಕಾಂಪಿಟೆಲ್ಲೊ ಎಂಬಲ್ಲಿ ಸುಮಾರು 2 ಲಕ್ಷ ವರ್ಷಗಳ ಹಿಂದಿನ ಕಲ್ಲಿನ ಚಕ್ಕೆಗಳ ಮೇಲೆ ಬರ್ಚ್ ತೊಗಟೆಯಿಂದ ಇಳಿಸಿದ ಕೀಲು ಸಿಕ್ಕಿತು. ಅದನ್ನು ಮಾಡಿದವರು ನಿಯಾಂಡರ್ತಾಲರು. ಬಹಳ ದಿನ ಮಬ್ಬು ಜನ, ಕಾಡು ಜನ ಅಂತ ಪಾಠಪುಸ್ತಕಗಳು ಹೀಯಾಳಿಸಿದ ಜನ. ಮರದಲ್ಲಿ ಈ ಕೀಲು ಸಿದ್ಧವಾಗಿ ಒಸರುವುದಿಲ್ಲ, ತೊಗಟೆಯನ್ನು ಬೆಂಕಿಯಲ್ಲಿ ಸುಟ್ಟೇ ತೆಗೆಯಬೇಕು. ಅಂದರೆ ಪ್ರಕೃತಿಯಲ್ಲಿ ಇಲ್ಲದ ವಸ್ತುವನ್ನು ಮನುಷ್ಯಕುಲ ಮೊದಮೊದಲು ತಯಾರಿಸಿದ್ದಕ್ಕೆ ನಮ್ಮ ಕೈಲಿರುವ ಸಾಕ್ಷಿಗಳಲ್ಲಿ ಇದೊಂದು.

ಜರ್ಮನಿಯ ಕೋನಿಗ್ಸೌವೆ ಎಂಬಲ್ಲಿ 1963ರಲ್ಲಿ ಇದೇ ಕೀಲಿನ ಎರಡು ಉಂಡೆ ಸಿಕ್ಕವು. 40 ಸಾವಿರ ವರ್ಷಕ್ಕೂ ಹಳೆಯವು. ಒಂದರ ಮೇಲೆ, ಕೀಲು ಬಿಸಿಯಾಗಿದ್ದಾಗ ಒತ್ತಿದ ಬೆರಳಿನ ಅಚ್ಚು ಹಾಗೇ ಕೂತಿದೆ. ನಮ್ಮಲ್ಲಿ ಓದು ಬಾರದವರನ್ನು ಹೆಬ್ಬೆಟ್ಟು ಅಂತ ಹಂಗಿಸುತ್ತಾರೆ. ಸಾಲದ ಪತ್ರಕ್ಕೆ, ಜಮೀನು ಕಳಕೊಂಡ ಪತ್ರಕ್ಕೆ ಒತ್ತಿದ ಬೆರಳುಗಳು ನಮ್ಮ ಹಿರಿಯರವು. ಕೋನಿಗ್ಸೌವೆಯ ಬೆರಳು ಒತ್ತಿದ್ದು ತಾನೇ ಮಾಡಿದ ವಸ್ತುವಿನ ಮೇಲೆ. ಅಕ್ಷರ ಹುಟ್ಟುವ ಎಷ್ಟೋ ಸಾವಿರ ವರ್ಷ ಮುಂಚೆ ಒಬ್ಬ ರಸಾಯನ ಬಲ್ಲವರು ಹಾಕಿದ ರುಜು ಅದು.

ದಕ್ಷಿಣ ಆಫ್ರಿಕಾದ ಸಿಬುಡು ಗುಹೆಯಲ್ಲಿ ಸುಮಾರು 70 ಸಾವಿರ ವರ್ಷಗಳ ಹಿಂದಿನವರು ಮರದ ಗೋಂದಿಗೆ ಕೆಮ್ಮಣ್ಣು ಬೆರೆಸುತ್ತಿದ್ದರು. ಲಿನ್ ವಾಡ್ಲಿ ಮತ್ತು ಸಂಗಡಿಗರು ಅದನ್ನು ತಾವೇ ಮಾಡಿ ನೋಡಿ 2009ರಲ್ಲಿ ಬರೆದರು. ಬರೀ ಗೋಂದು ಒಣಗಿದರೆ ಬಿರಿಯುತ್ತದೆ. ಕೆಮ್ಮಣ್ಣು ಸೇರಿದರೆ ಹಿಡಿತ ಬರುತ್ತದೆ. ಬೆಂಕಿಗೆ ಹತ್ತಿರ ಇಟ್ಟರೆ ಕುದಿದು ಗುಳ್ಳೆ ಬಂದು ಕೆಡುತ್ತದೆ, ದೂರ ಇಟ್ಟರೆ ಒಣಗುವುದಿಲ್ಲ. ಹದ ಗೊತ್ತಿರಬೇಕು. ಒಂದೇ ಹೊತ್ತಿಗೆ ಬೆಂಕಿ, ತೇವ, ಪುಡಿ, ಸಮಯ ಎಲ್ಲವನ್ನೂ ತಲೆಯಲ್ಲಿ ಹಿಡಿದು ಮಾಡುವ ಕೆಲಸ ಇದು, ಇದಕ್ಕೆ ನಮ್ಮಂಥದೇ ಬುದ್ಧಿ ಬೇಕು ಅಂತ ಅವರ ತೀರ್ಮಾನ. ಡೆನ್ಮಾರ್ಕಿನಲ್ಲಿ 5,700 ವರ್ಷ ಹಿಂದೆ ಯಾರೋ ಅಗಿದು ಉಗಿದ ಕೀಲಿನ ಚೂರಿನಿಂದ 2019ರಲ್ಲಿ ಒಬ್ಬ ಹೆಣ್ಣಿನ ಇಡೀ ವಂಶವಾಹಿನಿಯನ್ನೇ ಓದಿದರು. ಮೈಬಣ್ಣ ಕಪ್ಪು, ಕೂದಲು ಕಡುಕಂದು, ಕಣ್ಣು ನೀಲಿ. ಉಗುಳಿದ್ದು ಎಂದರೆ ಎಂಜಲು, ಮೈಲಿಗೆ. ವಿಜ್ಞಾನಕ್ಕೆ ಅದು ಗ್ರಂಥಭಂಡಾರ.

ಈ ಎಲ್ಲದರಲ್ಲಿ ನಮಗೆ ಹೆಚ್ಚು ಪಾಠ ಹೇಳುವುದು 2024ರಲ್ಲಿ ಪ್ರಕಟವಾದ ಲ ಮೂಸ್ತಿಯೆ ಪ್ರಕರಣ. ಫ್ರಾನ್ಸಿನ ಆ ನೆಲೆಯಲ್ಲಿ 1907ರಲ್ಲಿ ಅಗೆದ ಕೆಲವು ಕಲ್ಲುಗಳು ಬರ್ಲಿನ್ನಿನ ಮ್ಯೂಸಿಯಂ ಸೇರಿದ್ದವು. 1960ರ ದಶಕದಿಂದ ಒಂದೊಂದೂ ಪ್ರತ್ಯೇಕವಾಗಿ ಸುತ್ತಿಟ್ಟ ಹಾಗೇ ಇದ್ದವು, ಯಾರೂ ಬಿಚ್ಚಿರಲಿಲ್ಲ. ಬಿಚ್ಚಿ ನೋಡಿದರೆ ಮೇಲೆ ಕೆಂಪು ಹಳದಿ ಕಲೆ, ಕಪ್ಪು ಕಲೆ. ಪರೀಕ್ಷೆ ಮಾಡಿದಾಗ ಡಾಂಬರಿಗೆ ಅರ್ಧಕ್ಕಿಂತ ಹೆಚ್ಚು ಕಾವಿಮಣ್ಣು ಬೆರೆಸಿದ ಮುದ್ದೆ ಅದು. ಆ ಪ್ರಮಾಣದಲ್ಲಿ ಬೆರೆಸಿದಾಗ ಅದು ಕಲ್ಲಿಗೆ ಅಂಟುತ್ತದೆ, ಕೈಗೆ ಅಂಟುವುದಿಲ್ಲ. ಕಲ್ಲಿಗೆ ಮುದ್ದೆಯನ್ನೇ ಹಿಡಿಯಾಗಿ ಮೆತ್ತಿ ಕೆಲಸ ಮಾಡುತ್ತಿದ್ದರು. ಯಾರೂ ಮುಟ್ಟದೆ, ತೊಳೆಯದೆ ಸುತ್ತಿಟ್ಟದ್ದರಿಂದ ಇಷ್ಟು ತಿಳಿಯಿತು. ಉಜ್ಜಿ ಹೊಳಪು ಮಾಡಿದ್ದರೆ ಇನ್ನೊಂದಿಷ್ಟು ಚೆಂದದ ಕಲ್ಲುಗಳು ಅಂತ ಪೆಟ್ಟಿಗೆಯಲ್ಲಿ ಕೂತಿರುತ್ತಿದ್ದವು.

ಬರ್ಚ್ ಮರ ನಮ್ಮಲ್ಲಿ ಬೆಳೆಯುವುದಿಲ್ಲ. ಡಾಂಬರು ನಮ್ಮ ನೆಲದಲ್ಲಿ ಒಸರುವುದಿಲ್ಲ. ಹಾಗಾದರೆ ಈ ಸೀಮೆಯಲ್ಲಿ ಅಂಟಿಗೆ ಏನಿತ್ತು? ಪುಸ್ತಕ ಮುಚ್ಚಿ ದಂಡಿನ ಬೀದಿಗಳಲ್ಲಿ ನಡೆದರೆ ಗೊತ್ತಾಗುತ್ತದೆ. ಶಿವಾಜಿನಗರದ ಜ್ಯುವೆಲರ್ಸ್ ಸ್ಟ್ರೀಟಿನ ಕಡೆ ಚಿನ್ನದ ಕೆಲಸದವರು ಒಡವೆಯ ಮೇಲೆ ಚಿತ್ತಾರ ಕೆತ್ತುವಾಗ ಅದು ಅಲ್ಲಾಡದಿರಲಿ ಅಂತ ಅರಗಿನ ಮೇಲೆ ಕೂರಿಸುವ ಪದ್ಧತಿ ಇದೆ. ಬರೀ ಅರಗು ಒಡೆಯುತ್ತದೆ ಅಂತ ಇಟ್ಟಿಗೆ ಪುಡಿ ಬೆರೆಸುತ್ತಾರೆ, ಮೆದು ಬರಲಿ ಅಂತ ಒಂದಿಷ್ಟು ಎಣ್ಣೆ. ಸಿಬುಡು ಗುಹೆಯವರು ಗೋಂದಿಗೆ ಕೆಮ್ಮಣ್ಣು ಬೆರೆಸಿದ್ದು ಇದೇ ಲೆಕ್ಕದಲ್ಲಿ. ಚಾಕು, ಕತ್ತಿಗಳ ಬಾಲವನ್ನು ಕಾಯಿಸಿ ಅರಗು ತುಂಬಿದ ಹಿಡಿಗೆ ಇಳಿಸುವುದು ದೇಶದ ಉದ್ದಗಲಕ್ಕೂ ಇದ್ದ ಕೆಲಸ. ಬುಕ್ ಬೈಂಡಿಂಗಿನವರು ಮೈದಾ ಗಂಜಿಗೆ ಮೈಲುತುತ್ತ ಹಾಕುತ್ತಾರೆ, ಹುಳ ಹಿಡಿಯಬಾರದು ಅಂತ. ಬಡಗಿಗಳ ಹಳೆಯ ಅಂಟು ಸರೇಸು. ತೊಗಲಿನ ಚೂರು, ಮೂಳೆ, ನರ ಇವನ್ನು ಸಣ್ಣ ಉರಿಯಲ್ಲಿ ಬೇಯಿಸಿ ಇಳಿಸಿದ್ದು.

ಸರೇಸಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ತೊಗಲಿನಲ್ಲಿರುವ ಕೊಲಾಜೆನ್ ಬಿಸಿನೀರಿನಲ್ಲಿ ಬಿಚ್ಚಿಕೊಂಡು ಅಂಟಾಗುತ್ತದೆ. ಕೊಲಾಜೆನ್ ಅನ್ನುವ ಹೆಸರೇ ಗ್ರೀಕಿನಲ್ಲಿ ಅಂಟನ್ನು ಹುಟ್ಟಿಸುವುದು ಅನ್ನುವ ಅರ್ಥದ್ದು. ಇಸ್ರೇಲಿನ ನಹಲ್ ಹೇಮಾರ್ ಗುಹೆಯಲ್ಲಿ 8 ಸಾವಿರ ವರ್ಷಕ್ಕೂ ಹಿಂದಿನವರು ಬುಟ್ಟಿಗಳಿಗೆ ಬಳಿದದ್ದು ಇದೇ ಕೊಲಾಜೆನ್. ಉರಿ ಹೆಚ್ಚಾದರೆ ಅಂಟಿನ ಶಕ್ತಿ ಹೋಗುತ್ತದೆ ಅನ್ನುವುದನ್ನು ಪ್ರಯೋಗಾಲಯ ಹೇಳುವ ಎಷ್ಟೋ ಮೊದಲೇ ಪಾತ್ರೆಯ ಮುಂದೆ ಕೂತವರು ಕಂಡಿದ್ದರು. ಆದರೆ ಸತ್ತ ದನ ಎಳೆದವರನ್ನು, ತೊಗಲು ಹದ ಮಾಡಿದವರನ್ನು, ಆ ವಾಸನೆಯಲ್ಲಿ ಬದುಕಿದವರನ್ನು ಊರು ಆಚೆ ಇಟ್ಟಿತು. ಅವರು ಬೇಯಿಸಿದ ಅಂಟಿನಲ್ಲಿ ಕೂಡಿಸಿದ ದೇವರ ಮನೆಯ ಮಂಟಪ, ವೀಣೆ, ತಂಬೂರಿ ಒಳಗೆ ಬಂದವು. ಅಂಟು ಒಳಗೆ, ಅಂಟು ಮಾಡಿದವರು ಹೊರಗೆ.

ಅರಗಿನ ಕತೆಯೂ ಇಷ್ಟೇ. ಅರಗು ಮರದ ಗೋಂದಲ್ಲ, ಕೊಂಬೆಗೆ ಹತ್ತಿದ ಸಣ್ಣ ಕೀಟ ಒಸರಿಸುವ ರಾಳ. ಮೈಸೂರು ಸೀಮೆಯಲ್ಲಿ ಅದಕ್ಕೆ ಜಾಲಾರಿ ಮರ ಪ್ರಸಿದ್ಧ. ಅರಗಿನ ಆಮ್ಲಗಳಲ್ಲಿ ಒಂದಾದ ಜಲಾರಿಕ್ ಆಮ್ಲದ ಹೆಸರು ಕೇಳಿದರೆ ನಮ್ಮವರಿಗೆ ಆ ಮರವೇ ನೆನಪಾಗುತ್ತದೆ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1920ರ ದಶಕದಲ್ಲಿ ಗಿಲ್ಬರ್ಟ್ ಫೌಲರ್, ಎಂ. ಶ್ರೀನಿವಾಸಯ್ಯ ಮೊದಲಾದವರು ಅರಗಿನ ಕೀಟ, ಮರ, ರಾಳ ಮೂರರ ಮೇಲೂ ಸಂಶೋಧನೆ ಮಾಡಿದರು. 1924ರಲ್ಲಿ ರಾಂಚಿಯ ಹತ್ತಿರ ನಾಮ್ಕುಮ್‌ನಲ್ಲಿ ಅರಗಿಗೆಂದೇ ಸಂಶೋಧನಾ ಸಂಸ್ಥೆ ಎದ್ದಿತು. ಆಗ ಪ್ರಪಂಚದ ಗ್ರಾಮಫೋನ್ ಪ್ಲೇಟುಗಳೆಲ್ಲ ಅರಗಿನಿಂದಲೇ ಆಗಬೇಕಿತ್ತು. ಹಣ ಇತ್ತು, ಅದಕ್ಕೆ ವಿಜ್ಞಾನವೂ ಬಂತು. ಅರಗು ಬೆಳೆದ ಆದಿವಾಸಿಗಳಿಗೆ ಯಾವ ಕಾಲದಿಂದಲೋ ಗೊತ್ತಿದ್ದ ಮರ, ಋತು, ಕೀಟದ ಲೆಕ್ಕ ಆಗ ಸಂಶೋಧನೆ ಅನ್ನಿಸಿಕೊಂಡಿತು.

ಅರಗು ಅಂದರೆ ನಮ್ಮ ಜನಕ್ಕೆ ತಟ್ಟನೆ ನೆನಪಾಗುವುದು ಮಹಾಭಾರತದ ಅರಗಿನ ಮನೆ. ಪಾಂಡವರು ಸುರಂಗದಲ್ಲಿ ತಪ್ಪಿಸಿಕೊಂಡರು ಅನ್ನುವುದು ಎಲ್ಲರಿಗೂ ಗೊತ್ತು. ಬೂದಿಯಲ್ಲಿ ಸಿಕ್ಕ ಆರು ಹೆಣಗಳು ಯಾರವು ಅಂತ ಎಷ್ಟು ಮಕ್ಕಳು ಕೇಳಿದ್ದಾರೆ? ಅವು ಒಬ್ಬ ನಿಷಾದ ಹೆಂಗಸು ಮತ್ತು ಅವಳ ಐವರು ಮಕ್ಕಳವು. ಕತೆಗೆ ಅವಳ ಹೆಸರು ಬೇಕಾಗಲಿಲ್ಲ, ಅವಳ ಬೂದಿ ಬೇಕಾಯಿತು. ಉಳಿದ ಕಲೆಯನ್ನು ಓದಿ ಇದು ಯಾರು ಅಂತ ಕೇಳುವುದು ರಸಾಯನಶಾಸ್ತ್ರದ ಕೆಲಸವಷ್ಟೇ ಆಗಬೇಕಿಲ್ಲ.

ಇಲ್ಲಿ ಎರಡು ಎಚ್ಚರ ಬೇಕು. ಇದೆಲ್ಲ ನಮ್ಮ ವೇದದಲ್ಲೇ ಇತ್ತು ಅಂತ ಹೊರಡುವವರು ಇದ್ದಾರೆ. 2 ಲಕ್ಷ ವರ್ಷದ ಕೀಲು ಮಾಡಿದವರಿಗೆ ವೇದವೂ ಇರಲಿಲ್ಲ, ಜಾತಿಯೂ ಇರಲಿಲ್ಲ, ದೇಶವೂ ಇರಲಿಲ್ಲ. ಇನ್ನೊಂದು, ಶಿವಾಜಿನಗರದ ಕೆಲಸಗಾರರನ್ನು ಶಿಲಾಯುಗದ ಪಳೆಯುಳಿಕೆ ಅಂತ ನೋಡುವುದು. ಅದೂ ಅವಮಾನವೇ. ಅವರು ಇವತ್ತಿನ ಜನ, ಇವತ್ತಿನ ಸಲ್ಯೂಷನ್ ಡಬ್ಬಿಯನ್ನೂ ಬಲ್ಲವರು. ಅವರ ಕೈಯಲ್ಲಿರುವುದು ಬೆಳೆಯುತ್ತಲೇ ಬಂದ ವಿದ್ಯೆ.

ಆ ವಿದ್ಯೆಯ ಅಗತ್ಯ ಪ್ರಯೋಗಾಲಯಕ್ಕೇ ಇದೆ. ಯಂತ್ರ ಕೊಡುವುದು ತೂಕಗಳ ಪಟ್ಟಿ ಮಾತ್ರ. ಅದು ಯಾವ ಅಂಟು ಅನ್ನಲು ಗೊತ್ತಿರುವ ಅಂಟುಗಳ ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಬೇಕು. ಯುರೋಪಿನವರು ಬರ್ಚ್, ಪೈನ್ ಕೀಲುಗಳನ್ನು ತಾವೇ ಕಾಯಿಸಿ ಪಟ್ಟಿ ಮಾಡಿಕೊಂಡರು. ನಮ್ಮ ನೆಲದ ಕಲ್ಲು ಓದಬೇಕಾದರೆ ಜಾಲಾರಿಯ ಅರಗು, ಬೇಲದ ಗೋಂದು, ಜಾಲಿಯ ಗೋಂದು, ಜೇನುಮೇಣ, ಸರೇಸು ಇವುಗಳ ಪಟ್ಟಿ ಬೇಕು. ಒಂದೊಂದನ್ನೂ ಹಸಿಯಾಗಿ, ಕಾಯಿಸಿ, ಪುಡಿ ಬೆರೆಸಿ, ಹಳೆಯದಾಗಲು ಬಿಟ್ಟು ನೋಡಬೇಕು. ಯಾವುದಕ್ಕೆ ಯಾವ ಪುಡಿ, ಎಷ್ಟು ಉರಿ ಅಂತ ಹೇಳಬಲ್ಲವರು ಹಲಸೂರಿನ ಬಡಗಿ, ಶಿವಾಜಿನಗರದ ಅಕ್ಕಸಾಲಿ, ಚಪ್ಪಲಿ ಹೊಲಿಯುವ ಅಜ್ಜ, ಜೇನು ಬಿಡಿಸುವ ಸೋಲಿಗರು. ಅವರನ್ನು ಕೇಳಬೇಕು. ಕೇಳಿದ ಮೇಲೆ ಕೆಲಸಕ್ಕೆ ಕೂಲಿ ಕೊಡಬೇಕು, ಬರೆದ ಪ್ರಬಂಧದಲ್ಲಿ ಅವರ ಹೆಸರು ಹಾಕಬೇಕು. ಅವರ ಮಕ್ಕಳು ಈ ಕಸುಬುಗಳನ್ನು ಬಿಡುತ್ತಿದ್ದಾರೆ. ಬಿಡಲಿ, ಅವಮಾನದ ಕಸುಬಿಗೆ ಯಾರೂ ಜೋತುಬೀಳಬೇಕಾಗಿಲ್ಲ. ಆದರೆ ತಿಳಿವಳಿಕೆ ಬರಹಕ್ಕೆ ಇಳಿಯದೆ ಹೋದರೆ ಅದೂ ಒಂದು ತೊಳೆತವೇ.

ನೆಲದ ಕಡೆಯೂ ಹೊತ್ತಿಲ್ಲ. ಇಂದಿರಾನಗರ ಬಡಾವಣೆಯಾದಾಗ ಅಲ್ಲಿನ ಹೊಲಗಳು ಪಾಯದ ಕೆಳಗೆ ಹೋದವು. ಈಗ ಕೃಷ್ಣರಾಜಪುರದ ಆಚೆ ಜೆಸಿಬಿ ಹಗಲೂ ರಾತ್ರಿ ಅಗೆಯುತ್ತಿದೆ. ಅಗೆದ ಮಣ್ಣನ್ನು ಮೊದಲು ನೋಡುವ ಕಣ್ಣು ಕಲಬುರಗಿ, ರಾಯಚೂರು, ಬಿಹಾರಗಳಿಂದ ಬಂದ ಕೂಲಿಯವರದು. ಪಲ್ಲಾವರಂ ಗುಂಡಿಯಲ್ಲಿ ಇದ್ದಂತೆ ಇವರೂ ಹೆಸರಿಲ್ಲದೆ ಹೋಗಬೇಕಾಗಿಲ್ಲ.

ಹಳ್ಳಿಯ ಮೇಷ್ಟರುಗಳಲ್ಲಿ, ವಿದ್ಯಾರ್ಥಿ ಗೆಳೆಯರಲ್ಲಿ ಕೇಳುವುದು ಇಷ್ಟೇ. ಹೊಲದಲ್ಲೋ ಗುಂಡಿಯಲ್ಲೋ ಒಂದೇ ಕಡೆ ಉಗುರಿನಷ್ಟು ಹರಿತವಾದ ಬೆಣಚುಕಲ್ಲಿನ ಚೂರುಗಳು ಗುಂಪಾಗಿ ಕಂಡರೆ ಆರಿಸಿ ಜೇಬಿಗೆ ಹಾಕಿಕೊಳ್ಳಬೇಡಿ. ಇದ್ದ ಜಾಗದಲ್ಲೇ ಬಿಟ್ಟು ಫೋಟೋ ತೆಗೆಯಿರಿ. ಸರ್ವೆ ನಂಬರು, ತಾರೀಕು, ಮೊದಲು ನೋಡಿದವರ ಹೆಸರು ಬರೆದಿಡಿ. ಪುರಾತತ್ವ ಇಲಾಖೆಗೂ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೂ ತಿಳಿಸಿ. ಅವರು ಬರುವ ಮುಂಚೆ ಜೆಸಿಬಿ ಬರುವುದು ಖಂಡಿತ ಅಂತಾದರೆ ಮಾತ್ರ, ಬರಿಗೈ ತಗಲಿಸದೆ, ಹತ್ತಿದ ಮಣ್ಣಿನ ಸಮೇತ ಎತ್ತಿ ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿಡಿ. ಮತ್ತೆ ಯಾರು ಏನೇ ಹೇಳಲಿ, ಎಷ್ಟೇ ಕೊಳೆಯಾಗಿ ಕಾಣಲಿ, ಆ ಕಲ್ಲನ್ನು ತೊಳೆಯಬೇಡಿ.